ಕುರ್ಚಿಯಿಂದ ಏಳದ ಭಾನುವಾರ

ಉಪ್ಪಾರಹಳ್ಳಿ, ತುಮಕೂರು
9 ಜೂನ್ 2024

ನೇತ್ರಾವತಿಗೆ,

ಕವರ್ ಮೇಲಿನ ಅಕ್ಷರ ನೋಡಿಯೇ ಯಾರದೆಂದು ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಿದ್ದರೆ ನಾನು ಬರೆದದ್ದು ದಂಡ, ಒಡೆದಿದ್ದರೆ ಪೂರ್ತಿ ಓದು. ಒಂಬತ್ತು ವರ್ಷವಾದ ಮೇಲೆ ಗಂಡ ಹೆಂಡತಿಗೆ ಬರೆಯುತ್ತಿದ್ದಾನೆ ಎಂದು ಹಿಗ್ಗಬೇಡ. ಇದು ಡಾಕ್ಟರ ಆರ್ಡರು.

ನನಗೆ ಪಾರ್ಕಿನ್ಸನ್ ಕಾಯಿಲೆಯಂತೆ. ಎರಡು ವರ್ಷವಾಯಿತು. ಭಾನು ಗುಬ್ಬಿಯಿಂದ ತಿಂಗಳಿಗೊಮ್ಮೆ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ನಿನ್ನ ಸುದ್ದಿ ನನಗೆ, ನನ್ನ ಸುದ್ದಿ ನಿನಗೆ ಹೇಳುವ ಕೆಲಸವೊಂದನ್ನು ಬಿಟ್ಟು ನಮ್ಮ ಮಗಳು ಉಳಿದದ್ದೆಲ್ಲ ಮಾಡುತ್ತಾಳೆ. ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಲೇತ್ ಮೇಲೆ ಕಬ್ಬಿಣ ಕಡೆದ ಕೈ ಇದು. ಈಗ ಕಾಫಿ ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಕಾಫಿ ಅಂಗಿಯ ಮೇಲಿರುತ್ತದೆ. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ವೆಲ್ಡಿಂಗ್ ಮಾಡಿದ ಹಾಗೆ ನಿಂತುಬಿಡುತ್ತದೆ. ದನಿ ಕುಗ್ಗಿದೆ, ಫೋನಿನಲ್ಲಿ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಅಕ್ಷರವೂ ಅಷ್ಟೇ, ಸಾಲು ಮುಗಿಯುವ ಹೊತ್ತಿಗೆ ಇರುವೆಯಾಗಿರುತ್ತದೆ. ದಿನಾ ದೊಡ್ಡದಾಗಿ ಒಂದು ಪುಟ ಬರೆಯಿರಿ, ಯಾರಿಗಾದರೂ ಪತ್ರ ಬರೆಯಿರಿ ಎಂದರು ಡಾಕ್ಟರು. ಯಾರಿಗೆ ಬರೆಯಲಿ, ಕರೆಂಟ್ ಬಿಲ್ ಕೊಡುವವನಿಗಾ?

ಇನ್ನೊಂದು ಆರ್ಡರೂ ಇದೆ. ನಗುವುದಾದರೆ ಈಗಲೇ ನಕ್ಕುಬಿಡು. ನಾನು ಡ್ಯಾನ್ಸ್ ಕಲಿಯುತ್ತಿದ್ದೇನೆ. ಟ್ಯಾಂಗೋ ಎಂದು ಅದರ ಹೆಸರು, ಅರ್ಜೆಂಟೀನಾ ದೇಶದ್ದಂತೆ. ಇಲ್ಲಿ ಕೃತಿಕಾ ಎಂಬ ಫಿಸಿಯೋಥೆರಪಿ ಡಾಕ್ಟರು ಟೈಲ್ಸ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಭಾನುವಾರ ನಾಲ್ಕು ಗಂಟೆಗೆ ಹೇಳಿಕೊಡುತ್ತಾರೆ. ನಮ್ಮ ಭಾನುಗಿಂತ ಚಿಕ್ಕವರು, ಬೆಂಗಳೂರಿನಲ್ಲಿ ಕಲಿತು ಬಂದವರು. ಕಾಯಿಲೆ ಇರುವವರು ಐದು ಜನ, ಸುಮ್ಮನೆ ಕಲಿಯಲು ಬರುವವರು ಏಳೆಂಟು ಜನ. ಕಾಯಿಲೆ ವಾಸಿಯಾಗುವುದಿಲ್ಲ, ನಡಿಗೆ ಇನ್ನೊಂದಷ್ಟು ದಿನ ನಮ್ಮ ಮಾತು ಕೇಳುತ್ತದೆ ಎಂದರು. ಅಷ್ಟು ಸಾಕು.

ಹಾರ್ಮೋನಿಯಂ ಅನ್ನು ಯಾರೋ ಹಿಂಡುತ್ತಿರುವ ಹಾಗೆ ಒಂದು ಸಂಗೀತ. ಅದಕ್ಕೆ ತಕ್ಕಂತೆ ನಡೆಯಬೇಕು, ಅಷ್ಟೇ. ಅಷ್ಟೇ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ದಿನ ಎಲ್ಲರೂ ಒಂದು ಕಡೆ ಸುತ್ತುತ್ತಿದ್ದರೆ ನಾನು ಎದುರಿಗೆ ಹೋಗಿ ಇಬ್ಬರಿಗೆ ಡಿಕ್ಕಿ ಹೊಡೆದೆ. "ಅಂಕಲ್, ದೇವಸ್ಥಾನ ಸುತ್ತೋದನ್ನ ಮರ್ತುಬಿಡಿ, ಇಲ್ಲಿ ಉಲ್ಟಾ ಸುತ್ತಬೇಕು" ಎಂದರು ಕೃತಿಕಾ. ಒಂದು ಕಾಲಿಗೆ ಪೂರ್ತಿ ಭಾರ ಕೊಟ್ಟ ಮೇಲೆಯೇ ಇನ್ನೊಂದು ಕಾಲು ಎತ್ತಬೇಕು. ಲೇತ್ ಮುಂದೆ ಎರಡೂ ಕಾಲಿನ ಮೇಲೆ ನಿಂತು ಅಭ್ಯಾಸವಾದ ನನಗೆ ಅದು ಬರಲು ಒಂದು ತಿಂಗಳು ಬೇಕಾಯಿತು. ಗಂಡಸು ಮುಂದಕ್ಕೆ ನಡೆಯುತ್ತಾನೆ, ಹೆಂಗಸು ಅವನ ಎದೆಗೆದುರಾಗಿ ಹಿಂದಕ್ಕೆ ನಡೆಯುತ್ತಾಳೆ. ಅವಳ ಬಲಗೈ ಅವನ ಎಡಗೈಯಲ್ಲಿ, ಅವನ ಬಲಗೈ ಅವಳ ಬೆನ್ನ ಮೇಲೆ. ಹಿಂದೆ ಏನಿದೆ ಎಂದು ಅವಳಿಗೆ ಕಾಣುವುದಿಲ್ಲ, ಅವನೇ ನೋಡಿಕೊಂಡು ನಡೆಸಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಇಷ್ಟು ದಿನ ಕೃತಿಕಾ ಅವರೇ ನನ್ನ ಜೊತೆ ನಡೆಯುತ್ತಿದ್ದರು. ಜನ ಹೆಚ್ಚಾದರು, ಒಬ್ಬರು ಬಿದ್ದು ಪೆಟ್ಟು ಮಾಡಿಕೊಂಡರು. ಅಕ್ಟೋಬರ್ ಮುಗಿದ ಮೇಲೆ ಕಾಯಿಲೆಯವರು ಮನೆಯಿಂದಲೇ ಜೊತೆಗೊಬ್ಬರನ್ನು ಕರೆತರಬೇಕು, ಇಲ್ಲದಿದ್ದರೆ ಸೇರಿಸುವುದಿಲ್ಲ ಎಂದಿದ್ದಾರೆ. ಭಾನುಗೆ ಭಾನುವಾರವೂ ಡ್ಯೂಟಿ. ಕುಣಿಗಲ್‌ನಿಂದ ಇಲ್ಲಿಗೆ ಬಸ್ಸು ಒಂದೂಕಾಲು ಗಂಟೆ. ಬರುತ್ತೀಯಾ?

ಗೋವಿಂದರಾಜು


ಕುಣಿಗಲ್
24 ಜೂನ್ 2024

ಭಾನು ಅಪ್ಪನಿಗೆ,

ಪತ್ರ ತಲುಪಿತು. ಒಲೆಗೆ ಹಾಕಲಿಲ್ಲ. ಈ ಮನೆಯಲ್ಲಿರುವುದು ಗ್ಯಾಸು.

ಕಾಯಿಲೆಯ ವಿಷಯ ಭಾನು ಹೇಳಿರಲಿಲ್ಲ. ಓದಿ ಬೇಜಾರಾಯಿತು. ಬೇಜಾರಾಯಿತು ಎಂದು ಬರೆಯಲು ನನಗೆ ಹತ್ತು ದಿನ ಹಿಡಿಯಿತು, ಏಕೆಂದರೆ ಮೊದಲು ಅನಿಸಿದ್ದು ಅದಲ್ಲ. ಆ ಕೈ ನಡುಗುತ್ತಿದೆ ಎಂದು ಓದಿದಾಗ ಮೊದಲು ಸಮಾಧಾನವಾಯಿತು. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೇಜಾರು ಬಂದದ್ದು ಕೊನೆಗೆ. ಮೂರನ್ನೂ ಬರೆದಿದ್ದೇನೆ.

ಮೊದಲ ಪುಟ ಚೆನ್ನಾಗಿದೆ. ಕೊನೆಯ ಪುಟ ಓದಲು ಕಿಟಕಿಯ ಹತ್ತಿರ ಹೋಗಬೇಕಾಯಿತು. ಗೆರೆ ಇರುವ ಹಾಳೆಯಲ್ಲಿ ಬರೆಯಿರಿ. ನಮ್ಮ ಶಾಲೆಯ ಮಕ್ಕಳಿಗೂ ಅದನ್ನೇ ಹೇಳುತ್ತೇನೆ.

ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ. ನನ್ನ ಬಲಗೈಯನ್ನು ನಿಮ್ಮ ಎಡಗೈಯಲ್ಲಿ ಇಡಬೇಕು ಎಂದು ಎಷ್ಟು ಸಲೀಸಾಗಿ ಬರೆದಿದ್ದೀರಿ! ಆ ಕೈಗೆ ಏನಾಯಿತೆಂದು ಮರೆತು ಬರೆದಿರೋ, ನೆನಪಿದ್ದೂ ಬರೆದಿರೋ? ಯಾವುದಾದರೂ ನನಗೆ ಒಂದೇ.

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.

ನೇತ್ರಾವತಿ


ಉಪ್ಪಾರಹಳ್ಳಿ
8 ಜುಲೈ 2024

ನೇತ್ರಾವತಿಗೆ,

ಗೆರೆ ಇರುವ ಹಾಳೆ ತಂದಿದ್ದೇನೆ, ನೋಡು. ನಿನ್ನ ಇಲ್ಲ ಎಂಬ ಮಾತನ್ನು ಆಮೇಲೆ ನೋಡಿಕೊಳ್ಳೋಣ. ನಿನ್ನೆ ನನಗೆ ಆದ ಅವಮಾನವನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉರಿದು ಸಾಯುತ್ತೇನೆ.

ತರಗತಿಯ ಕೊನೆಯ ಅರ್ಧ ಗಂಟೆ ಆ ದೇಶದಲ್ಲಿ ಮಾಡುವ ಹಾಗೇ ಮಾಡಿಸುತ್ತಾರೆ. ಗಂಡಸರು ಈ ಗೋಡೆಗೆ ಕುರ್ಚಿ ಹಾಕಿಕೊಂಡು ಕೂರಬೇಕು, ಹೆಂಗಸರು ಆ ಗೋಡೆಗೆ. ಮೂರು ಹಾಡು ಸೇರಿದರೆ ಒಂದು ಸುತ್ತು. ಒಂದು ಸುತ್ತು ಪೂರ್ತಿ ಒಬ್ಬರ ಜೊತೆಯೇ ನಡೆದು, ಮುಗಿದ ಮೇಲೆ ಅವರನ್ನು ಅವರ ಕುರ್ಚಿಯವರೆಗೆ ಬಿಟ್ಟು ಬರಬೇಕು. ನಡುವೆ ಮಾತಾಡುವಂತಿಲ್ಲ, ಪಕ್ಕದವರಿಗೆ ಹೀಗಲ್ಲ ಹಾಗೆ ಎಂದು ಪಾಠ ಹೇಳುವಂತಿಲ್ಲ. ಇದೆಲ್ಲ ನನಗೆ ಒಪ್ಪಿಗೆಯೇ. ವರ್ಕ್‌ಶಾಪಿಗೂ ಅದರದ್ದೇ ಶಿಸ್ತು ಇರುತ್ತದೆ.

ದಾಸಯ್ಯ ಎಂದು ನನ್ನಂತೆಯೇ ನಡುಗುವವನೊಬ್ಬ ಇದ್ದಾನೆ. ಅವನ ಹೆಂಡತಿ ರಂಗಲಕ್ಷ್ಮಮ್ಮ ಚೆನ್ನಾಗಿ ಹೆಜ್ಜೆ ಹಾಕುತ್ತಾರೆ. ದಾಸಯ್ಯ ಸುಸ್ತಾಗಿ ಕೂತಿದ್ದ. ನಾನು ಎದ್ದೆ, ಹಾಲ್ ದಾಟಿ ಆಯಮ್ಮನ ಮುಂದೆ ಹೋಗಿ ನಿಂತು "ಬನ್ನಿ" ಎಂದೆ. ಆಯಮ್ಮ ಆ ಕಡೆ ಈ ಕಡೆ ನೋಡಿದರು. ನನ್ನ ದನಿ ಕೇಳಿಸಲಿಲ್ಲವೇನೋ ಎಂದುಕೊಂಡು ಕೈ ಹಿಡಿದು ಎಬ್ಬಿಸಿದೆ. ಅಷ್ಟೇ. ಕೃತಿಕಾ ಹಾಡು ನಿಲ್ಲಿಸಿಬಿಟ್ಟರು.

"ಅಂಕಲ್, ಕೈ ಬಿಡಿ."

"ಯಾಕಮ್ಮಾ? ನಾನೇನ್ ಕದ್ನಾ?"

"ಮುಂದೆ ಹೋಗಿ ನಿಂತ್ಕೊಂಡ್ರೆ ಅವ್ರಿಗೆ ಬೇಡ ಅನ್ನೋಕೆ ದಾರೀನೇ ಇರಲ್ಲ ಅಂಕಲ್. ಎಲ್ರೂ ನೋಡ್ತಿರ್ತಾರೆ. ನಿಮ್ಮ ಕುರ್ಚಿಯಿಂದ್ಲೇ ಕಣ್ಣಲ್ಲಿ ಕೇಳಿ. ಅವ್ರು ನಿಮ್ಮನ್ನ ನೋಡಿ ತಲೆ ಆಡ್ಸಿದ್ರೆ ಎದ್ದು ಹೋಗಿ. ಬೇರೆ ಕಡೆ ನೋಡಿದ್ರೆ ಅಲ್ಲಿಗೆ ಮುಗೀತು. ಯಾಕೆ ಅಂತ ಕೇಳಂಗಿಲ್ಲ, ಸಿಟ್ಟಾಗಂಗಿಲ್ಲ."

ಅರವತ್ತೊಂದು ವರ್ಷದವನನ್ನು ಎಲ್ಲರ ಮುಂದೆ ಕುರ್ಚಿಗೆ ವಾಪಸು ಕಳಿಸಿದರು. ನಮ್ಮ ಚೇಳೂರಿನಲ್ಲಿ ಪರಹೆಂಗಸನ್ನು ಹಾಗೆ ದೂರದಿಂದ ಕಣ್ಣಿಟ್ಟು ನೋಡಿದರೆ ಚಪ್ಪಲಿ ಬೀಳುತ್ತದೆ, ಇಲ್ಲಿ ಅದೇ ಮರ್ಯಾದೆಯಂತೆ! ಅದಕ್ಕಾದರೂ ನನ್ನ ಮುಖ ಸರಿ ಇದೆಯಾ? ಈ ಕಾಯಿಲೆಗೆ ಮುಖವೂ ಬಿಗಿದುಕೊಳ್ಳುತ್ತದೆ. ನಗು ಬಂದರೂ ಕಾಣುವುದಿಲ್ಲ, ರೆಪ್ಪೆ ಬಡಿಯುವುದು ಕಡಿಮೆ. ನಾನು ಕಣ್ಣಲ್ಲಿ ಕೇಳಿದರೆ ಪೊಲೀಸು ವಿಚಾರಣೆ ಮಾಡಿದ ಹಾಗಿರುತ್ತದೆ ಎಂದು ದಾಸಯ್ಯನೇ ಹೇಳಿದ. ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ.

ಮನೆಗೆ ಬಂದ ಮೇಲೂ ಒಂದು ವಿಷಯ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಾನು ಕೈ ಬಿಟ್ಟ ಮೇಲೆ ರಂಗಲಕ್ಷ್ಮಮ್ಮ ಆ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಉಜ್ಜಿಕೊಳ್ಳುತ್ತಾ ಕೂತಿದ್ದರು. ನಾನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಗೋವಿಂದರಾಜು


ಕುಣಿಗಲ್
28 ಜುಲೈ 2024

ಭಾನು ಅಪ್ಪನಿಗೆ,

ನೀವು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ ಎಂದು ನೀವು ಹೇಳಿದರೆ ಆಯಿತೇ? ಹಿಡಿಸಿಕೊಂಡವರನ್ನು ಕೇಳಬೇಕು.

ನಿಮಗೆ ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. 2015ನೇ ಇಸವಿ ಜೂನ್, ಗುಬ್ಬಿ ಬಸ್ ಸ್ಟ್ಯಾಂಡು, ಬೆಳಿಗ್ಗೆ ಎಂಟೂವರೆ. ಚೇಳೂರು ಶಾಲೆಯಿಂದ ನನಗೆ ಕುಣಿಗಲ್‌ಗೆ ವರ್ಗವಾಗಿತ್ತು. ನಾನೇ ಕೇಳಿ ಹಾಕಿಸಿಕೊಂಡದ್ದು. ನಿಮಗೆ ಹೇಳಿರಲಿಲ್ಲ, ಹೇಳಿದ್ದರೆ ಏನಾಗುತ್ತಿತ್ತೆಂದು ಗೊತ್ತಿದ್ದರಿಂದ ಹೇಳಿರಲಿಲ್ಲ. ಅವತ್ತು ಹೋಗಿ ಡ್ಯೂಟಿ ರಿಪೋರ್ಟ್ ಮಾಡಿಕೊಳ್ಳಬೇಕಿತ್ತು. ನೀವು ಫಸ್ಟ್ ಶಿಫ್ಟ್ ಬಿಟ್ಟು ನನ್ನ ಹಿಂದೆ ಬಂದಿರಿ. "ಇಳಿಯೇ ಕೆಳಗೆ" ಎಂದಿರಿ. ನಾನು ಇಲ್ಲ ಎಂದೆ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಬಲಗೈಯಲ್ಲಿ ಕಂಬಿ ಹಿಡಿದಿದ್ದೆ. ಆ ಕೈಯನ್ನೇ ಹಿಡಿದು ಎಳೆದಿರಿ. ಮೂಳೆ ಮುರಿದ ಸದ್ದು ಕಂಡಕ್ಟರಿಗೂ ಕೇಳಿಸಿತ್ತು. ಅವನು "ಅಯ್ಯೋ" ಎಂದ, ಅಷ್ಟೇ. ಎಲ್ಲರೂ ನೋಡುತ್ತಿದ್ದರು, ಯಾರೂ ಹಾಡು ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ನೀವು ಏನು ಹೇಳಿದಿರಿ? "ಬಸ್ಸಿಂದ ಜಾರ್ ಬಿದ್ಲು ಸಾರ್, ಮಳೆ ಬಂದಿತ್ತಲ್ಲ." ಮಳೆ ಬಂದಿರಲಿಲ್ಲ. ನಿಮ್ಮ ಅಮ್ಮನಿಗೆ, ನಿಮ್ಮ ಅಣ್ಣಂದಿರಿಗೆ, ನಮ್ಮ ಭಾನುಗೆ, ಎಲ್ಲರಿಗೂ ಅದೇ ಹೇಳಿದಿರಿ. ಹೇಳಿ ಹೇಳಿ ನೀವೇ ನಂಬಿದಿರಿ ಎಂದು ಕಾಣುತ್ತದೆ.

ಮಾರನೆಯ ದಿನ ಕೈಗೆ ಪ್ಲಾಸ್ಟರ್ ಪಟ್ಟಿ ಹಾಕಿಸಿಕೊಂಡು ಕುಣಿಗಲ್‌ಗೆ ಬಂದು ರಿಪೋರ್ಟ್ ಮಾಡಿಕೊಂಡೆ. ಹಾಜರಿ ಪುಸ್ತಕದಲ್ಲಿ ಎಡಗೈಯಲ್ಲಿ ಸಹಿ ಮಾಡಿದೆ. ಇವತ್ತಿಗೂ ಬೋರ್ಡಿನ ಮೇಲಿನ ಅರ್ಧಕ್ಕೆ ನನ್ನ ಕೈ ಏಳುವುದಿಲ್ಲ. ಮಕ್ಕಳು ತಾರೀಖು ಬರೆದುಕೊಡುತ್ತಾರೆ.

ಆ ಹುಡುಗಿ ಕೃತಿಕಾ ನಿಮಗೆ ಹೇಳಿದ ಮಾತನ್ನು ನಾನು ಮೂರು ಸಲ ಓದಿದೆ. ಬೇಡ ಅನ್ನುವುದಕ್ಕೆ ಒಂದು ದಾರಿ ಬಿಟ್ಟು ಕೇಳುವುದು. ಜಗತ್ತಿನಲ್ಲಿ ಎಲ್ಲೋ ಒಂದು ಕಡೆ ಜನ ಹಾಗೆ ಕೇಳುತ್ತಾರೆ ಎಂದು ನನಗೆ ಐವತ್ತಾರನೇ ವರ್ಷಕ್ಕೆ ಗೊತ್ತಾಯಿತು. ಅದೂ ನಿಮ್ಮಿಂದ ಗೊತ್ತಾಯಿತು. ಓದಿ ಅತ್ತುಬಿಟ್ಟೆ. ಏಕೆಂದು ವಿವರಿಸುವುದಿಲ್ಲ.

ನೇತ್ರಾವತಿ


ಉಪ್ಪಾರಹಳ್ಳಿ
2 ಸೆಪ್ಟೆಂಬರ್ 2024

ನೇತ್ರಾವತಿಗೆ,

ನಿನ್ನ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ನಿನಗೇ ಬೈದಿದ್ದೆ. ಉಳಿದವುಗಳಲ್ಲಿ ಏನಿತ್ತೆಂದು ಕೇಳಬೇಡ.

ನಡುವೆ ಬಚ್ಚಲಿನ ಬಾಗಿಲಲ್ಲಿ ಬಿದ್ದೆ. ಕಾಲು ನಿಂತುಕೊಂಡಿತು, ಮೈ ಮುಂದಕ್ಕೆ ಹೋಯಿತು. ಹುಬ್ಬಿನ ಮೇಲೆ ಆರು ಹೊಲಿಗೆ. ಭಾನು ಬಂದು ಎರಡು ದಿನ ಇದ್ದಳು. ಅವಳಿಗೆ ಹೇಳಿದೆ: "ನಿಮ್ಮಮ್ಮ ಅವತ್ತು ಜಾರಿ ಬೀಳ್ಲಿಲ್ಲ ಕಣೇ, ನಾನೇ ಎಳೆದಿದ್ದು." ಅವಳು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸದೆ, "ನಂಗೊತ್ತಿತ್ತು ಬುಡಪ್ಪ" ಎಂದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು ಎಂದು ಕಾಣುತ್ತದೆ.

ನಾನು ಎಳೆದದ್ದು ನಿಜ, ತಪ್ಪಾಯಿತು. ಆದರೆ ಕೈ ಮುರಿಯಲಿ ಎಂದು ಎಳೆಯಲಿಲ್ಲ.

ಅಕ್ಟೋಬರ್ ಆರನೇ ತಾರೀಖು ಭಾನುವಾರ ಹಾಲ್‌ನಲ್ಲಿ ಮಿಲೋಂಗಾ ಇದೆ. ಎಂದರೆ ಪಾಠವಿಲ್ಲದೆ ಬರೀ ಕುಣಿಯುವ ಸಂಜೆ. ಮನೆಯವರೂ ಬಂದು ನೋಡಬಹುದು. ಅದಾಗಿ ಆ ತಿಂಗಳು ಕಳೆದರೆ ನನಗೆ ಅಲ್ಲಿ ಜಾಗವಿಲ್ಲ. ತರಗತಿ ಬಿಟ್ಟ ಒಬ್ಬರು ಎರಡೇ ತಿಂಗಳಲ್ಲಿ ವಾಕರ್ ಹಿಡಿದರು, ನೋಡಿ ಬಂದೆ. ನನಗೆ ಹೆದರಿಕೆಯಾಗುತ್ತದೆ ನೇತ್ರಾ. ಇಷ್ಟು ಬರೆಯಲು ನಾಚಿಕೆಯೂ ಆಗುತ್ತದೆ.

ಗೋವಿಂದರಾಜು


ಕುಣಿಗಲ್
22 ಸೆಪ್ಟೆಂಬರ್ 2024

ಭಾನು ಅಪ್ಪನಿಗೆ,

ನಿಮ್ಮ ಪತ್ರದಲ್ಲಿ ಒಂದು 'ಆದರೆ' ಇದೆ. ಅದರಿಂದಾಚೆ ಏನಿದೆಯೋ ಅದನ್ನು ನಾನು ಓದಿಲ್ಲ ಎಂದುಕೊಳ್ಳಿ.

ದಸರಾ ರಜೆ ಇದೆ. ಆರನೇ ತಾರೀಖು ಭಾನು ಡ್ಯೂಟಿಗೆ ರಜೆ ಹಾಕುತ್ತಾಳೆ, ಅವಳ ಜೊತೆ ಬರುತ್ತೇನೆ. ನೋಡುವುದಕ್ಕೆ ಮಾತ್ರ. ಹೆಂಗಸರ ಕಡೆ ಕೂರುತ್ತೇನೆ. ನೀವು ನನ್ನ ಹತ್ತಿರ ಬರಬಾರದು, ಮಾತಾಡಿಸಬಾರದು, ಮನೆಗೆ ಕರೆಯಬಾರದು. ಕೇಳುವುದಿದ್ದರೆ ಅಲ್ಲಿಯ ಪದ್ಧತಿ ಏನಿದೆಯೋ ಹಾಗೆ ಕೇಳಿ.

ಹೊಲಿಗೆ ಬಿಚ್ಚಿಸಿದ್ದೀರಾ?

ನೇತ್ರಾವತಿ


ಕುಣಿಗಲ್
9 ಅಕ್ಟೋಬರ್ 2024

ಭಾನು ಅಪ್ಪನಿಗೆ,

ಮೂರು ದಿನದಿಂದ ಈ ಪತ್ರವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೇನೆ.

ಹಾಲ್‌ನ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ನಿಂತೆ. ಭಾನು, "ಅಮ್ಮ, ಬೇಡಾಂದ್ರೆ ಹೋಗ್ಬಿಡಾಣ" ಎಂದಳು. ಒಳಗೆ ಬಂದು ನಿಮ್ಮನ್ನು ನೋಡಿದೆ. ನನಗೆ ಗುರುತೇ ಸಿಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಬಾಗಿಲು ತುಂಬುವ ಮನುಷ್ಯ. ಕುರ್ಚಿಯಲ್ಲಿ ಕೂತಿದ್ದದ್ದು ಇಸ್ತ್ರಿ ಮಾಡಿದ ಅಂಗಿಯೊಳಗೆ ಕುಗ್ಗಿಹೋದ ಒಬ್ಬ ಮುದುಕ. ಇಂಥವರಿಗೆ ಹೆದರಿ ನಾನು ಒಂಬತ್ತು ವರ್ಷ ಬಾಗಿಲಿಗೆ ಎರಡೆರಡು ಚಿಲಕ ಹಾಕಿ ಮಲಗಿದೆನೇ ಎಂದು ಸಿಟ್ಟು ಬಂತು.

ಎಲ್ಲರೂ ಸುತ್ತುವುದನ್ನು ನೋಡಿದೆ. ರಂಗಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ನಡೆಯುತ್ತಿದ್ದರು. ಕಣ್ಣು ಮುಚ್ಚಿಕೊಂಡು! ದಾಸಯ್ಯನವರ ಕೈ ಅವರ ಬೆನ್ನ ಮೇಲೆ ನಡುಗುತ್ತಿತ್ತು, ಆ ನಡುಕಕ್ಕೂ ಆಯಮ್ಮ ಹೊಂದಿಕೊಂಡಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನಾಚಿಕೆಯಿಲ್ಲ.

ಮೂರನೆಯ ಸುತ್ತಿಗೆ ಮೊದಲು ನೀವು ನನ್ನನ್ನು ನೋಡಿದಿರಿ. ಹಾಲ್‌ನ ಆ ಕಡೆಯಿಂದ, ಕದಲದೆ. ನಿಮ್ಮ ಮುಖದಲ್ಲಿ ಕೋಪವಿರಲಿಲ್ಲ. ನೀವು ಕೇಳುತ್ತಿದ್ದೀರಿ ಎಂದು ನನಗೆ ಗೊತ್ತಾಯಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ತಿರುಗಿಸಿದ ಮೇಲೆ ನನ್ನ ಬೆನ್ನು ಕಲ್ಲಾಯಿತು. ಮದುವೆಯಾದಾಗಿನಿಂದ ನಾನು ಬೇಡ ಎಂದಾಗಲೆಲ್ಲ ಆಮೇಲೆ ಏನಾದರೂ ಒಂದು ಆಗುತ್ತಿತ್ತು. ತಟ್ಟೆ ಹಾರುತ್ತಿತ್ತು, ಇಲ್ಲ ಕೈ ಏಳುತ್ತಿತ್ತು. ಹೆಜ್ಜೆ ಸಪ್ಪಳಕ್ಕೆ ಕಾಯುತ್ತಾ ಕೂತೆ. ಒಂದು ಹಾಡು ಮುಗಿಯಿತು. ಎರಡನೆಯದೂ ಮುಗಿಯಿತು. ತಿರುಗಿ ನೋಡಿದರೆ ನೀವು ಅದೇ ಕುರ್ಚಿಯಲ್ಲಿ, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದಿರಿ.

ಅಷ್ಟೇ. ನಾನು ಬೇಡ ಎಂದೆ, ನೀವು ಎದ್ದು ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ವಾಪಸು ಬಸ್ಸಿನಲ್ಲಿ ನಾನು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ನವೆಂಬರ್ ಮೂರನೇ ತಾರೀಖು ಭಾನುವಾರ ಬರುತ್ತೇನೆ. ಒಂದು ಸುತ್ತು. ನನ್ನ ಮಣಿಕಟ್ಟು ಹಿಡಿಯಬಾರದು, ಬೆರಳು ಮಾತ್ರ. ಆಮೇಲಿನದು ಆಮೇಲೆ. ಕೃತಿಕಾ ಅವರಿಗೆ ನನ್ನ ಹೆಸರು ಹೇಳಿಡಿ.

ನೇತ್ರಾವತಿ


ಉಪ್ಪಾರಹಳ್ಳಿ
24 ಅಕ್ಟೋಬರ್ 2024

ನೇತ್ರಾವತಿಗೆ,

ಅಕ್ಷರ ಚಿಕ್ಕದಾಗುತ್ತಿದೆ, ಗೊತ್ತು. ಗೆರೆಯಿದ್ದರೂ ಕೈ ಕೇಳುತ್ತಿಲ್ಲ. ಈ ಪತ್ರವನ್ನು ನಾಲ್ಕು ದಿನ ಬರೆದಿದ್ದೇನೆ.

ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಕೃತಿಕಾ ಅವರಿಗೆ ನಿನ್ನ ಹೆಸರು ಹೇಳಿದೆ. ಅವರು ರಿಜಿಸ್ಟರಿನಲ್ಲಿ ಬರೆದುಕೊಂಡರು. ದಾಸಯ್ಯ ಮೈಸೂರು ಪಾಕು ತಿನ್ನಿಸಿದ. ಹತ್ತು ದಿನ ನಾನು ಸುಖವಾಗಿದ್ದೆ.

ನಾನು ಎದ್ದು ಬರಲಿಲ್ಲ ಎಂದು ಬರೆದಿದ್ದೀಯ. ನನಗೆ ಎದ್ದು ಬರಲು ಆಗಲಿಲ್ಲ. ನಡೆದದ್ದು ಅದು.

ನೀನು ಕಿಟಕಿಯ ಕಡೆ ತಿರುಗಿದೆಯಲ್ಲ, ಆಗ ನನ್ನ ಮೈಯೆಲ್ಲ ಹತ್ತಿ ಉರಿಯಿತು. ಎರಡು ಕಡೆಯ ಕುರ್ಚಿಯವರೂ ನೋಡಿದರು ಎಂದು ಅನಿಸಿತು. ಒಂದೂಕಾಲು ಗಂಟೆ ಬಸ್ಸಿನಲ್ಲಿ ಬಂದು ಎಲ್ಲರ ಮುಂದೆ ಮುಖ ತಿರುಗಿಸುತ್ತಾಳಲ್ಲ, ಇವಳನ್ನು ಬಿಡಬಾರದು ಎಂದುಕೊಂಡೆ. ಎದ್ದು ಬಂದು ನಿನ್ನ ಕೈ ಹಿಡಿದು ಎಬ್ಬಿಸಬೇಕೆಂದೇ ಇದ್ದೆ. ಕೈ ಹಿಡಿದು ಎಬ್ಬಿಸುವುದು ಎಂದು ಸಭ್ಯವಾಗಿ ಬರೆಯುತ್ತಿದ್ದೇನೆ. ಎಳೆಯಬೇಕೆಂದಿದ್ದೆ. ಕಾಲು ನೆಲಕ್ಕೆ ಕಚ್ಚಿಕೊಂಡಿತು. ಎರಡು ಹಾಡು ಮುಗಿಯುವವರೆಗೂ ಏಳಲು ಒದ್ದಾಡಿದ್ದೇನೆ. ತೊಡೆಯ ಮೇಲೆ ಕೈ ಇಟ್ಟುಕೊಂಡಿದ್ದು ಒತ್ತಿ ಏಳುವುದಕ್ಕೆ. ಮುಖದಲ್ಲಿ ಕೋಪವಿರಲಿಲ್ಲ ಎಂದು ಬರೆದಿದ್ದೀಯ. ಈ ಮುಖದಲ್ಲಿ ಈಗ ಏನೂ ಕಾಣುವುದಿಲ್ಲ ಎಂದು ಹಿಂದೆಯೇ ಹೇಳಿದ್ದೆ. ಒಳಗೆ ಎಲ್ಲವೂ ಹಾಗೇ ಇದೆ.

ನನಗೆ ಬುದ್ಧಿ ಬಂದಿದೆ ಎಂದು ನಾನೂ ನಂಬಿದ್ದೆ. ಭಾನುಗೆ ನಿಜ ಹೇಳಿದೆ, ತಪ್ಪಾಯಿತು ಎಂದು ಬರೆದೆ, ಕನ್ನಡಿ ಮುಂದೆ ಕೂತು ಕಣ್ಣಲ್ಲಿ ಕೇಳುವುದನ್ನು ಕಲಿತೆ. ಕೇಳುವುದು ಕಲಿತೆ ನೇತ್ರಾ. ಬೇಡ ಎನ್ನಿಸಿಕೊಳ್ಳುವುದು ಕಲಿತಿಲ್ಲ. ಆ ಸಂಜೆ ನಿನ್ನನ್ನು ಉಳಿಸಿದ್ದು ನನ್ನ ಒಳ್ಳೆಯತನವಲ್ಲ, ಕಾಯಿಲೆ.

ಇದನ್ನು ಬರೆದರೆ ನೀನು ಬರುವುದಿಲ್ಲ ಎಂದು ಗೊತ್ತು. ಬರೆಯದೆ ಇರಲು ಎಷ್ಟು ದಿನ ಪ್ರಯತ್ನಪಟ್ಟೆ ಎಂದು ದಾಸಯ್ಯನಿಗೆ ಗೊತ್ತು. "ಸುಮ್ಕಿರಯ್ಯ, ಯಾರ್ಗೆ ಗೊತ್ತಾಯ್ತದೆ" ಎಂದ ಅವನು. ಈ ಕುಣಿತದಲ್ಲಿ ನೀನು ಹಿಂದಕ್ಕೆ ಹೆಜ್ಜೆ ಇಡಬೇಕು, ಹಿಂದೆ ಏನಿದೆಯೆಂದು ನಿನಗೆ ಕಾಣುವುದಿಲ್ಲ. ನಾನು ಕೂತೇ ಇದ್ದೆ ಎಂದು ನಂಬಿಕೊಂಡು ನೀನು ಹಾಗೆ ಕಾಲಿಡುವುದು ಬೇಡ. ಒಂದು ಸಲ ಜಾರಿ ಬಿದ್ದಳು ಎಂದು ಹೇಳಿಕೊಂಡು ಒಂಬತ್ತು ವರ್ಷ ತಿರುಗಿದ್ದೇನೆ, ಇನ್ನೊಂದು ಅಂಥದ್ದು ಹೊರಲು ನನಗೆ ಶಕ್ತಿಯಿಲ್ಲ.

ನನ್ನ ಬಲಗೈ ನಡುಗುತ್ತಿದೆ ಎಂದು ನಿನಗೆ ಸಮಾಧಾನವಾಯಿತಲ್ಲ, ಅದು ಸರಿಯಾಗಿಯೇ ಇತ್ತು.

ಗೋವಿಂದರಾಜು


ಕುಣಿಗಲ್
10 ನವೆಂಬರ್ 2024

ಭಾನು ಅಪ್ಪನಿಗೆ,

ಪತ್ರ ದೀಪಾವಳಿಗೆ ಎರಡು ದಿನ ಮೊದಲು ಬಂತು. ಭೂತಗನ್ನಡಿ ಹಿಡಿದು ಓದಿದೆ. 'ಆದರೆ' ಎಲ್ಲಾದರೂ ಇದೆಯೇ ಎಂದು ಎರಡು ಸಲ ಹುಡುಕಿದೆ. ಇರಲಿಲ್ಲ.

ಓದಿದ ಮೇಲೂ ಮೂರನೇ ತಾರೀಖು ಮಧ್ಯಾಹ್ನ ಸೀರೆ ಉಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ನೀವು ಕಾಯುತ್ತಿರುವುದಿಲ್ಲ ಎಂದು ಗೊತ್ತಿತ್ತು, ಕಾಯುತ್ತಿರುತ್ತೀರಿ ಎಂದೂ ಗೊತ್ತಿತ್ತು. ತುಮಕೂರು ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ, ಕಂಬಿ ಹಿಡಿದೆ. ಕಂಡಕ್ಟರ್ ಕೇಳಿದ: "ಅಮ್ಮ, ಹತ್ತೀರೋ ಇಳಿತೀರೋ?" ನಾನು ಇಳಿದೆ. ಯಾರೂ ಎಳೆಯಲಿಲ್ಲ, ನಾನೇ ಇಳಿದೆ. ಬಸ್ಸು ಹೋದ ಮೇಲೆ ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತು, ನಾಲ್ಕು ಗಂಟೆ ಹೊಡೆದ ಮೇಲೆ ಮನೆಗೆ ಬಂದೆ.

ಸುಳ್ಳು ಹೇಳಿದ್ದರೆ ನಾನು ಬರುತ್ತಿದ್ದೆ. ನಿಮಗೆ ಅದು ಗೊತ್ತಿತ್ತು, ಗೊತ್ತಿದ್ದೂ ಬರೆದಿರಿ. ಅದಕ್ಕೆ ನಿಮ್ಮ ಮೇಲೆ ಗೌರವ ಬಂತು. ಈ ಗೌರವ ಇಪ್ಪತ್ತೈದನೇ ವಯಸ್ಸಿನಲ್ಲಿ ಬಂದಿದ್ದರೆ ಏನೋ ಒಂದು ಮಾಡಿಕೊಳ್ಳಬಹುದಿತ್ತು. ಈಗ ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ತರಗತಿಯಿಂದ ನಿಮ್ಮ ಹೆಸರು ತೆಗೆದರು ಎಂದು ಭಾನು ಹೇಳಿದಳು. ಮೊದಲ ಸಲ ಅವಳು ನಿಮ್ಮ ಸುದ್ದಿ ನನಗೆ ಹೇಳಿದ್ದು. ವಾಕರ್ ನೋಡಲು ಹೋಗಿದ್ದಿರಂತೆ.

ನಾನು ಬರುವುದಿಲ್ಲ. ಇನ್ನು ಯಾವತ್ತೂ ಬರುವುದಿಲ್ಲ.

ಇದರ ಜೊತೆ ಎರಡು ಗೆರೆಯ ಕಾಪಿ ಪುಸ್ತಕ ಕಳಿಸಿದ್ದೇನೆ, ಒಂದನೇ ಕ್ಲಾಸಿನ ಮಕ್ಕಳು ಬರೆಯುವುದು. ಮೇಲಿನ ಗೆರೆ, ಕೆಳಗಿನ ಗೆರೆ, ಎರಡನ್ನೂ ಅಕ್ಷರ ಮುಟ್ಟಬೇಕು. ದಿನಕ್ಕೆ ಒಂದು ಪುಟ. ಪುಸ್ತಕ ತುಂಬಿದ ಮೇಲೆ ಕಳಿಸಿ, ತಿದ್ದಿ ವಾಪಸು ಕಳಿಸುತ್ತೇನೆ.

ನೇತ್ರಾವತಿ